ವರಾಹದಿಂದ ಪೈಸೆಯವರೆಗೆ: ನಾಣ್ಯ ಪರಿವರ್ತನೆಯ ಪಾಠ

ನಾಣ್ಯ ಪರಿವರ್ತನೆಯ ಲೆಕ್ಕ ಎಂದೊಡನೆ ನಮ್ಮ ವಿದ್ಯಾರ್ಥಿಗಳಿಗೆ ಡಾಲರ್, ಪೌಂಡ್, ಯೂರೋಗಳು ನೆನಪಾಗುತ್ತವೆ. ವಿದೇಶಕ್ಕೆ ಹೋಗುವವರಿಗೆ ಮಾತ್ರ ಬೇಕಾದ ಲೆಕ್ಕ ಇದು ಎಂಬ ಭಾವನೆ ಹಲವರಲ್ಲಿದೆ. ಆದರೆ ಇನ್ನೂರು ವರ್ಷಗಳ ಹಿಂದೆ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಸಂತೆಗೆ ಹೋಗುವವರಿಗೂ ಈ ಲೆಕ್ಕ ಬೇಕಾಗಿತ್ತು. ಒಂದೇ ಸೀಮೆಯಲ್ಲಿ ಚಿನ್ನದ ಹಣ, ಬೆಳ್ಳಿಯ ರೂಪಾಯಿ, ತಾಮ್ರದ ಕಾಸುಗಳು ಚಲಾವಣೆಯಲ್ಲಿದ್ದವು. ಒಂದನ್ನು ಇನ್ನೊಂದಕ್ಕೆ ಬದಲಾಯಿಸುವಾಗ ಸರಾಫನು ವಟ್ಟ ಹಿಡಿಯುತ್ತಿದ್ದ. ಲೆಕ್ಕ ಬಾರದವನಿಗೆ ನಷ್ಟ ಖಂಡಿತ.

ನಾಣ್ಯ ಯಾರ ಹಕ್ಕು?

ಮಾಗಡಿಯಿಂದಲೇ ಆರಂಭಿಸೋಣ. ಬೆಂಗಳೂರನ್ನು ಕಟ್ಟಿಸಿದ ಕೆಂಪೇಗೌಡನು ವಿಜಯನಗರದ ಅನುಮತಿಯಿಲ್ಲದೆ ಬೈರೇಶ್ವರನ ಹೆಸರಿನಲ್ಲಿ ನಾಣ್ಯ ಟಂಕಿಸಿದ, ಆ ತಪ್ಪಿಗಾಗಿ ಆನೆಗೊಂದಿಯಲ್ಲಿ ಸೆರೆಯಲ್ಲಿರಬೇಕಾಯಿತು ಎಂಬ ಪ್ರತೀತಿ ಇದೆ. 1638ರಲ್ಲಿ ಬೆಂಗಳೂರು ಬಿಜಾಪುರದ ವಶವಾದ ಮೇಲೆ ಅವನ ವಂಶದವರು ಮಾಗಡಿಯಿಂದ ಆಳಿದರು. ಪ್ರತೀತಿಯಲ್ಲಿ ಒಂದು ತಿರುಳಿದೆ: ನಾಣ್ಯವೆಂದರೆ ಲೋಹದ ತುಂಡಷ್ಟೇ ಅಲ್ಲ, ಅದು ಅಧಿಕಾರದ ಗುರುತೂ ಹೌದು.

ಮೈಸೂರಿನಲ್ಲಿ 1638ರಿಂದ 1659ರವರೆಗೆ ಆಳಿದ ಕಂಠೀರವ ನರಸರಾಜ ಒಡೆಯರು ಟಂಕಸಾಲೆ ಸ್ಥಾಪಿಸಿ, ನರಸಿಂಹನ ಚಿತ್ರವಿದ್ದ ಸಣ್ಣ ಚಿನ್ನದ ಹಣವನ್ನು ಹೊರಡಿಸಿದರು. ಇದೇ ಕಂಠೀರಾಯಿ ಹಣ. ಇದರ ತೂಕ ಸುಮಾರು ಒಂದು ಗ್ರಾಮಿನ ಮೂರನೆಯ ಒಂದು ಭಾಗ. ಅರ್ಧ ಹಣಕ್ಕೆ ಅಡ್ಡ, ಕಾಲು ಹಣಕ್ಕೆ ಹಾಗ ಎಂದು ಹೆಸರು. ಹತ್ತು ಹಣ ಸೇರಿದರೆ ಒಂದು ಕಂಠೀರಾಯಿ ವರಾಹ. ಆದರೆ ಈ ವರಾಹ ಕೈಯಲ್ಲಿ ಹಿಡಿಯುವ ನಾಣ್ಯವಾಗಿರಲಿಲ್ಲ, ಕಡತದಲ್ಲಿ ಬರೆಯುವ ಲೆಕ್ಕದ ನಾಣ್ಯವಾಗಿತ್ತು.

1800ರಲ್ಲಿ ಫ್ರಾನ್ಸಿಸ್ ಬುಕಾನನ್ ಮೈಸೂರು ಸೀಮೆಯಲ್ಲಿ ಸಂಚರಿಸಿ ಬೇಸಾಯ, ಕೈಗಾರಿಕೆ, ಬೆಲೆಗಳನ್ನು ದಾಖಲಿಸಿದ. ಚನ್ನಪಟ್ಟಣದಲ್ಲಿ ವಾದ್ಯಗಳಿಗೆ ಬೇಕಾದ ಉಕ್ಕಿನ ತಂತಿ, ಗಾಜಿನ ಬಳೆ, ಸಕ್ಕರೆಗಳು ತಯಾರಾಗುತ್ತಿದ್ದುದನ್ನು ಅವನು ವಿವರಿಸಿದ್ದಾನೆ. ಮದರಾಸಿನಿಂದ ಹೊರಟಿದ್ದ ಅವನು ಇಲ್ಲಿನ ಬೆಲೆಗಳನ್ನು ಹಣದ ಲೆಕ್ಕದಲ್ಲಿ ಬರೆದುಕೊಂಡು ಇಂಗ್ಲೆಂಡಿನ ಓದುಗರಿಗೆ ಅರ್ಥವಾಗುವಂತೆ ಮಾಡಬೇಕಾಗಿತ್ತು. ರಾಮನಗರಕ್ಕೆ ಕ್ಲೋಸ್‌ಪೇಟೆ ಎಂಬ ಹೆಸರು ಬಂದದ್ದೂ ಆ ಕಾಲದ ಬ್ರಿಟಿಷ್ ರೆಸಿಡೆಂಟ್ ಬ್ಯಾರಿ ಕ್ಲೋಸ್‌ನಿಂದ.

ಒಂದೇ ಹೆಸರು, ಎರಡು ಬೆಲೆ

1799ರ ಶ್ರೀರಂಗಪಟ್ಟಣದ ಒಪ್ಪಂದದಂತೆ ಮೈಸೂರು ಸಂಸ್ಥಾನ ಈಸ್ಟ್ ಇಂಡಿಯಾ ಕಂಪನಿಗೆ ವರ್ಷಕ್ಕೆ 7 ಲಕ್ಷ ವರಾಹ ಕೊಡಬೇಕಾಯಿತು. ಇದು ಕಂಠೀರಾಯಿ ವರಾಹವಲ್ಲ, ಮದರಾಸಿನ ನಕ್ಷತ್ರ ವರಾಹ, ಅಂದರೆ ಸ್ಟಾರ್ ಪಗೋಡ. ಎರಡಕ್ಕೂ ವರಾಹ ಎಂದೇ ಹೆಸರು, ಬೆಲೆ ಮಾತ್ರ ಬೇರೆ. ರೂಪಾಯಿಗೆ 16 ಆಣೆ, ಆಣೆಗೆ 12 ಪೈ, ಆದ್ದರಿಂದ ರೂಪಾಯಿಗೆ 192 ಪೈ ಎಂಬುದನ್ನು ನೆನಪಿನಲ್ಲಿಟ್ಟು ಲೆಕ್ಕ ಹಾಕೋಣ.

ನಕ್ಷತ್ರ ವರಾಹ: 3 ರೂಪಾಯಿ 8 ಆಣೆ = 672 ಪೈ
ಕಂಠೀರಾಯಿ ಹಣ: 4 ಆಣೆ 8 ಪೈ = 56 ಪೈ
ಕಂಠೀರಾಯಿ ವರಾಹ: 10 ಹಣ = 560 ಪೈ

560ಕ್ಕೂ 672ಕ್ಕೂ ಇರುವ ಪ್ರಮಾಣ 5:6. ಈ ದರದಲ್ಲಿ ಆರು ಕಂಠೀರಾಯಿ ವರಾಹ ಐದು ನಕ್ಷತ್ರ ವರಾಹಕ್ಕೆ ಸಮ. 7 ಲಕ್ಷ ನಕ್ಷತ್ರ ವರಾಹವೆಂದರೆ 24,50,000 ರೂಪಾಯಿ. ಅದೇ 7 ಲಕ್ಷವನ್ನು ಕಂಠೀರಾಯಿ ವರಾಹವೆಂದು ಭಾವಿಸಿದರೆ 20,41,666 ರೂಪಾಯಿ 10 ಆಣೆ 8 ಪೈ. ಒಂದು ವಿಶೇಷಣ ಬಿಟ್ಟುಹೋದರೆ ವರ್ಷಕ್ಕೆ ನಾಲ್ಕು ಲಕ್ಷ ರೂಪಾಯಿಗೂ ಮೀರಿದ ವ್ಯತ್ಯಾಸ! ಈ ಭಾರ ಕೊನೆಗೆ ಕಂದಾಯ ಕಟ್ಟುವ ರೈತನ ಮೇಲೆ ಬೀಳುವಂಥದು. ಪೊಗದಿಯ ಮೊತ್ತ 1896ರಲ್ಲಿ 35 ಲಕ್ಷಕ್ಕೆ ಏರಿ, 1928ರಲ್ಲಿ ಮತ್ತೆ 24.5 ಲಕ್ಷಕ್ಕೆ ಇಳಿಯಿತು. ವರಾಹ ಚಲಾವಣೆಯಿಂದ ಮರೆಯಾದ ಮೇಲೂ ಅದರ ದರ ಸಂಸ್ಥಾನದ ಲೆಕ್ಕದಲ್ಲಿ ಉಳಿದೇ ಇತ್ತು.

ಭೌತವಿಜ್ಞಾನದಲ್ಲಿ ಮಾನವಿಲ್ಲದ ಸಂಖ್ಯೆಗೆ ಅರ್ಥವಿಲ್ಲ ಎನ್ನುತ್ತೇವೆ. ಹಣದ ಲೆಕ್ಕದಲ್ಲೂ ಅಷ್ಟೆ.

ತ್ರೈರಾಶಿಕದ ದಾರಿ

ಇಂಥ ಲೆಕ್ಕಗಳಿಗೆ ನಮ್ಮ ಹಿಂದಿನವರು ಬಳಸುತ್ತಿದ್ದ ಸಾಧನ ತ್ರೈರಾಶಿಕ. ಒಂಬತ್ತನೆಯ ಶತಮಾನದ ಮಹಾವೀರಾಚಾರ್ಯನ ಗಣಿತಸಾರ ಸಂಗ್ರಹದಲ್ಲಿ ಇದರ ವಿವರಣೆ ಇದೆ. ಹನ್ನೆರಡನೆಯ ಶತಮಾನದ ರಾಜಾದಿತ್ಯ ವ್ಯವಹಾರ ಗಣಿತವನ್ನು ಕನ್ನಡದಲ್ಲೇ ಬರೆದ. ಭಾಸ್ಕರಾಚಾರ್ಯನ ಲೀಲಾವತಿ ನಾಣ್ಯಗಳ ಕೋಷ್ಟಕವನ್ನು ಆರಂಭದಲ್ಲೇ ಕೊಡುತ್ತದೆ: 20 ವರಾಟಕಕ್ಕೆ ಒಂದು ಕಾಕಿಣಿ, 4 ಕಾಕಿಣಿಗೆ ಒಂದು ಪಣ, 16 ಪಣಕ್ಕೆ ಒಂದು ದ್ರಮ್ಮ, 16 ದ್ರಮ್ಮಕ್ಕೆ ಒಂದು ನಿಷ್ಕ.

ಒಂದು ಉದಾಹರಣೆ ನೋಡಿ. ಒಂದು ಹೊಲದ ಕಂದಾಯ 15 ಹಣ ಎಂದು ಇಟ್ಟುಕೊಳ್ಳೋಣ. ರೂಪಾಯಿಯಲ್ಲಿ ಎಷ್ಟು? ಹಣಕ್ಕೆ 56 ಪೈನಂತೆ 15 × 56 = 840 ಪೈ. ಇದನ್ನು 192ರಿಂದ ಭಾಗಿಸಿದರೆ 4 ರೂಪಾಯಿ, ಉಳಿಕೆ 72 ಪೈ, ಅಂದರೆ 6 ಆಣೆ. ಉತ್ತರ 4 ರೂಪಾಯಿ 6 ಆಣೆ. ದಶಮಾಂಶದಲ್ಲಿ ಮಾಡುವವರು 15ನ್ನು 7/24ರಿಂದ ಗುಣಿಸಿ 4.375 ಪಡೆಯಬಹುದು. ಆದರೆ ಆರಂಭದಲ್ಲೇ ಒಂದು ಹಣವನ್ನು 0.29 ರೂಪಾಯಿ ಎಂದು ಮೊಟಕುಗೊಳಿಸಿದರೆ ಉತ್ತರ 4.35 ಆಗುತ್ತದೆ. ಎರಡೂವರೆ ಪೈಸೆ ಎಲ್ಲಿ ಹೋಯಿತು?

ಪೈಸೆಯ ಚೂರು ಯಾರದು?

ಇದೇ ಪ್ರಶ್ನೆ 1957ರ ಏಪ್ರಿಲ್ 1ರಂದು ಇಡೀ ದೇಶಕ್ಕೆ ಎದುರಾಯಿತು. ಅಂದು ದಶಮಾಂಶ ನಾಣ್ಯ ಪದ್ಧತಿ ಜಾರಿಗೆ ಬಂದು ರೂಪಾಯಿ 100 ನಯಾ ಪೈಸೆಗಳಾಯಿತು. ನಾಲ್ಕಾಣೆ 25 ಪೈಸೆಗೂ ಎಂಟಾಣೆ 50 ಪೈಸೆಗೂ ಸರಿಹೊಂದಿದವು. ಆದರೆ ಒಂದಾಣೆ 6.25 ಪೈಸೆ. ಪರಿವರ್ತನೆಯ ಕೋಷ್ಟಕದಲ್ಲಿ ಅರ್ಧ ಅಥವಾ ಅದಕ್ಕಿಂತ ಕಡಿಮೆ ಚೂರನ್ನು ಬಿಟ್ಟು, ಅರ್ಧಕ್ಕಿಂತ ಹೆಚ್ಚಿದ್ದರೆ ಮೇಲಿನ ಪೈಸೆಗೆ ಏರಿಸಲಾಗಿತ್ತು. ಹೀಗೆ ಒಂದಾಣೆ 6, ಎರಡಾಣೆ 12, ಮೂರಾಣೆ 19 ಪೈಸೆಗಳಾದವು.

ಚನ್ನಪಟ್ಟಣದ ಬುಗುರಿಯೊಂದರ ಬೆಲೆ ಎರಡಾಣೆ ಎಂದು ಕಲ್ಪಿಸಿಕೊಳ್ಳಿ. ಎಂಟು ಬುಗುರಿಗೆ ಒಂದು ರೂಪಾಯಿ. ಬಿಡಿಬಿಡಿಯಾಗಿ 12 ಪೈಸೆಯಂತೆ ಮಾರಿದರೆ ಸಿಗುವುದು 96 ಪೈಸೆ, ಮಾರುವವನಿಗೆ 4 ಪೈಸೆ ನಷ್ಟ. ಮೂರಾಣೆಯ ಆಟಿಕೆಯನ್ನು 19 ಪೈಸೆಯಂತೆ ಹದಿನಾರು ಕೊಂಡವರು 3 ರೂಪಾಯಿಗೆ ಬದಲು 3 ರೂಪಾಯಿ 4 ಪೈಸೆ ತೆರಬೇಕು, ಇಲ್ಲಿ ಕೊಳ್ಳುವವರಿಗೆ ನಷ್ಟ. ಮೊದಲು ಕೂಡಿಸಿ, ಆಮೇಲೆ ಪರಿವರ್ತಿಸಿ, ಕೊನೆಯಲ್ಲಿ ಮಾತ್ರ ಪೂರ್ಣಾಂಕಕ್ಕೆ ತನ್ನಿ ಎಂಬ ನಿಯಮದ ಹಿಂದೆ ಇರುವುದು ನ್ಯಾಯ. ಪ್ರಯೋಗಶಾಲೆಯ ಅಳತೆಗಳಿಗೂ ಇದೇ ನಿಯಮ ಅನ್ವಯಿಸುತ್ತದೆ.

ಶೇಕಡಾವಾರಿನ ಬಲೆ

1966ರ ಜೂನ್ 6ರಂದು ರೂಪಾಯಿಯನ್ನು ಅಪಮೌಲ್ಯಗೊಳಿಸಲಾಯಿತು. ಡಾಲರಿಗೆ 4.76 ರೂಪಾಯಿ ಇದ್ದದ್ದು 7.50 ಆಯಿತು. ಚನ್ನಪಟ್ಟಣದಿಂದ ಹೊರದೇಶಕ್ಕೆ ಹೋಗುವ ನೂರು ರೂಪಾಯಿಯ ಆಟಿಕೆಗಳಿಗೆ ಹಿಂದಿನ ದರದಲ್ಲಿ 21 ಡಾಲರ್, ಹೊಸ ದರದಲ್ಲಿ 13.33 ಡಾಲರ್. ಕೊಳ್ಳುವವರಿಗೆ ಅಗ್ಗ, ಆದರೆ ಆಮದಾಗುವ ಬಣ್ಣವೋ ಯಂತ್ರವೋ ನಮಗೆ ದುಬಾರಿ. ಡಾಲರಿನ ಬೆಲೆ ಶೇಕಡಾ 57.5ರಷ್ಟು ಏರಿತು, ರೂಪಾಯಿಯ ಬೆಲೆ ಮಾತ್ರ ಶೇಕಡಾ 36.5ರಷ್ಟು ಇಳಿಯಿತು. ಒಂದೇ ಘಟನೆಗೆ ಎರಡು ಶೇಕಡಾವಾರು ಏಕೆ? ಭಾಗಿಸುವ ಮೂಲ ಸಂಖ್ಯೆ ಬೇರೆಯಾದ್ದರಿಂದ. ತರಗತಿಯಲ್ಲಿ ಚರ್ಚಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

1993ರಿಂದ ರೂಪಾಯಿಯ ದರವನ್ನು ಮುಖ್ಯವಾಗಿ ಮಾರುಕಟ್ಟೆ ನಿರ್ಧರಿಸುತ್ತಿದೆ. ಚೀನಾದ ಕಚ್ಚಾ ರೇಷ್ಮೆ ಯಾವ ಬೆಲೆಗೆ ಬಂದಿಳಿಯುತ್ತದೆ ಎಂಬುದು ಡಾಲರಿನ ದರವನ್ನೂ ಅವಲಂಬಿಸಿದೆ. ಅದರ ಬಿಸಿ ರಾಮನಗರದ ಗೂಡಿನ ಮಾರುಕಟ್ಟೆಗೂ, ಕನಕಪುರದ ರೇಷ್ಮೆ ಬೆಳೆಗಾರನಿಗೂ ತಟ್ಟುತ್ತದೆ.

ಶಿಕ್ಷಕರು ಹೀಗೆ ಮಾಡಿ ನೋಡಬಹುದು. ತಿಂಗಳ ಕಾಲ ದಿನಪತ್ರಿಕೆಯಿಂದ ಡಾಲರಿನ ದರವನ್ನು ವಿದ್ಯಾರ್ಥಿಗಳೇ ಗುರುತು ಹಾಕಿಕೊಂಡು ನಕ್ಷೆ ಬರೆಯಲಿ. ಮನೆಯ ಹಿರಿಯರಿಂದ ಹಣ, ಅಡ್ಡ, ಹಾಗ, ಆಣೆಗಳ ಲೆಕ್ಕ ಕೇಳಿ ಬರಲಿ. ಹಳೆಯ ಪತ್ರವೊಂದು ಸಿಕ್ಕರೆ ಅದರ ಮೊತ್ತವನ್ನು ಪರಿವರ್ತಿಸಲಿ. ಪ್ರತಿ ಸಲವೂ ಮೂರು ಪ್ರಶ್ನೆ ಕೇಳಲಿ: ಇದು ಯಾವ ನಾಣ್ಯ? ಯಾವ ದಿನದ ದರ? ಉಳಿದ ಚೂರು ಯಾರ ಪಾಲಿಗೆ? ಈ ಮೂರಕ್ಕೂ ಉತ್ತರ ಗೊತ್ತಿದ್ದವನನ್ನು ಅಂದಿನ ಸರಾಫನೂ ಮೋಸಗೊಳಿಸಲಾರದೆ ಹೋಗುತ್ತಿದ್ದ.