ಆವೇಶ ಇಳಿದ ಮೇಲೆ ಏನು?

ಸ್ಕಾಟ್ಲೆಂಡಿನ ಪಶ್ಚಿಮ ಅಂಚಿನ ಲೂಯಿಸ್ ದ್ವೀಪದಲ್ಲಿ 1831ರ ಹೊತ್ತಿಗೆ ಹಳೆಯ ಚದುರಂಗದ ಕಾಯಿಗಳ ದೊಡ್ಡ ರಾಶಿಯೊಂದು ಸಿಕ್ಕಿತು. ಬಹುಪಾಲು ವಾಲ್ರಸ್ ಎಂಬ ಕಡಲಪ್ರಾಣಿಯ ದಂತದಲ್ಲಿ ಕೆತ್ತಿದ ಇವು 12ನೇ ಶತಮಾನದ ಕೊನೆಯ ಭಾಗದವು ಎಂದು ವಿದ್ವಾಂಸರು ಅಂದಾಜು ಮಾಡಿದ್ದಾರೆ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ ಮತ್ತು ಎಡಿನ್‌ಬರೋದ ವಸ್ತುಸಂಗ್ರಹಾಲಯ ಇವನ್ನು ಹಂಚಿಕೊಂಡಿವೆ. ನಾವು ಆನೆ ಎಂದು ಕರೆಯುವ ಮೂಲೆಯ ಕಾಯಿಯ ಜಾಗದಲ್ಲಿ ಇಲ್ಲಿ ಒಬ್ಬ ಕಾಲಾಳು ಯೋಧ ನಿಂತಿದ್ದಾನೆ. ಅಂಥ ಕಾಯಿಗಳಲ್ಲಿ ಕೆಲವು ವಿಚಿತ್ರವಾಗಿವೆ. ಯೋಧ ಕಣ್ಣು ಬಿಟ್ಟುಕೊಂಡು ತನ್ನ ಗುರಾಣಿಯ ಅಂಚನ್ನೇ ಹಲ್ಲಿನಿಂದ ಕಚ್ಚಿ ಹಿಡಿದಿದ್ದಾನೆ.

ಈತನೇ ಉತ್ತರ ಯೂರೋಪಿನ ಕಥೆಗಳಲ್ಲಿ ಬರುವ ‘ಬರ್ಸರ್ಕ್’. ಯುದ್ಧದಲ್ಲಿ ಮೈಮೇಲೆ ಆವೇಶ ಬಂದು, ಗಾಯದ ಪರಿವೆಯಿಲ್ಲದೆ ಕಾದಾಡುವವನು. ಚದುರಂಗದ ಮಣೆಯ ಮೇಲೆ ಅವನಿಗೆ ಆವೇಶವೂ ಇಲ್ಲ, ದಣಿವೂ ಇಲ್ಲ. ಮೂಲೆಯಲ್ಲಿರುವ ಉಳಿದ ಕಾಯಿಗಳಂತೆಯೇ ಅವನ ನಡೆ. ಸುಮಾರು ಎಂಟು ನೂರು ವರ್ಷಗಳ ನಂತರ ಬೇರೊಂದು ಆಟ ಅವನನ್ನು ಮತ್ತೆ ಮೇಜಿನ ಮೇಲೆ ತಂದು ನಿಲ್ಲಿಸಿತು. ಈ ಸಲ ಅವನ ಆವೇಶಕ್ಕೂ ಅಂಕಗಳಿದ್ದವು. ಮುಂದೆ ಅವನ ದಣಿವಿಗೂ ಅಂಕಗಳು ಬಂದವು. ಆವೇಶದಿಂದ ಸಿಕ್ಕ ಬಲಕ್ಕೆ ಅವನು ಏನು ಬೆಲೆ ತೆರಬೇಕು? ಈ ಪ್ರಶ್ನೆಗೆ ಆಟದ ನಿಯಮ ಬರೆಯುವವರು ಐವತ್ತು ವರ್ಷಗಳಿಂದ ಬೇರೆ ಬೇರೆ ಉತ್ತರ ಕೊಡುತ್ತ ಬಂದಿದ್ದಾರೆ.

ಕಥೆಯೇ ಆಟ

ಆ ಆಟದ ಹೆಸರು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ ಇದು 1974ರಲ್ಲಿ ಪ್ರಕಟವಾಯಿತು. ನಮ್ಮ ಪಗಡೆಯಂತೆ ಇದರಲ್ಲೂ ದಾಳ ಉಂಟು, ಆದರೆ ಓಡಿಸಲು ಮನೆಗಳಿಲ್ಲ. ನಾಲ್ಕೈದು ಮಂದಿ ಮೇಜಿನ ಸುತ್ತ ಕೂರುತ್ತಾರೆ. ಒಬ್ಬಾತ ಕಥೆ ನಡೆಸುವ ಸೂತ್ರಧಾರ. ಉಳಿದವರು ಒಬ್ಬೊಬ್ಬರೂ ಒಂದೊಂದು ಪಾತ್ರ: ಒಬ್ಬ ಮಂತ್ರವಾದಿ, ಒಬ್ಬ ಕಳ್ಳ, ಒಬ್ಬ ಯೋಧ. ‘ಗುಹೆಯ ಬಾಗಿಲಲ್ಲಿ ರಾಕ್ಷಸ ನಿಂತಿದ್ದಾನೆ, ಏನು ಮಾಡುತ್ತೀರಿ?’ ಎಂದು ಸೂತ್ರಧಾರ ಕೇಳುತ್ತಾನೆ. ‘ಕೊಡಲಿ ಬೀಸುತ್ತೇನೆ’ ಎಂದು ಆಟಗಾರ ಹೇಳುತ್ತಾನೆ. ಏಟು ತಗುಲಿತೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖಗಳ ದಾಳ ತೀರ್ಮಾನಿಸುತ್ತದೆ. ಪಾತ್ರದ ಬಲ, ಚುರುಕು, ದೇಹದಾರ್ಢ್ಯ, ಬುದ್ಧಿ ಎಲ್ಲಕ್ಕೂ ಅಂಕಗಳುಂಟು. ಎಷ್ಟು ಪೆಟ್ಟು ತಾಳಬಲ್ಲ ಎಂಬುದಕ್ಕೆ ‘ಹಿಟ್ ಪಾಯಿಂಟ್’ ಎಂಬ ಜೀವಾಂಕ ಇದೆ.

1974ರ ಮೊದಲ ಪುಸ್ತಕಗಳಲ್ಲೇ ಬರ್ಸರ್ಕರು ಇದ್ದರು. ಆದರೆ ಶತ್ರುಗಳ ಪಟ್ಟಿಯಲ್ಲಿ. ಅವರು ಎಂದೂ ಧೈರ್ಯಗೆಟ್ಟು ಓಡುವುದಿಲ್ಲ. ಸಾಮಾನ್ಯ ಮನುಷ್ಯರ ಮೇಲೆ ಏರಿಹೋದಾಗ ದಾಳದ ಅಂಕಕ್ಕೆ ಎರಡನ್ನು ಕೂಡಿಸಿಕೊಳ್ಳುತ್ತಾರೆ. ದಣಿವಿನ ಮಾತೇ ಇಲ್ಲ. ಇದಕ್ಕೆ ಕಾರಣ ಊಹಿಸುವುದು ಕಷ್ಟವಲ್ಲ. ಶತ್ರು ಸಾಮಾನ್ಯವಾಗಿ ಆ ಕಾಳಗದಲ್ಲೇ ಸಾಯುತ್ತಾನೆ. ಅವನಿಗೆ ನಾಳೆಯೇ ಇಲ್ಲದ ಮೇಲೆ ದಣಿವಿನ ಲೆಕ್ಕ ಯಾರಿಗೆ ಬೇಕು? ಆವೇಶದ ಮನುಷ್ಯನನ್ನು ಆಟಗಾರ ತನ್ನ ಪಾತ್ರವಾಗಿ ಮಾಡಿಕೊಂಡಾಗಲೇ ‘ಆಮೇಲೆ ಏನು?’ ಎಂಬ ಪ್ರಶ್ನೆ ಹುಟ್ಟುವುದು.

ಕೋಪವಿಲ್ಲದ ಬರ್ಬರ

‘ಬಾರ್ಬೇರಿಯನ್’ ಎಂಬ ಮಾತಿನ ಮೂಲ ಗ್ರೀಕ್. ತಮಗೆ ಅರ್ಥವಾಗದ ನುಡಿಯಾಡುವವರ ಮಾತು ‘ಬರ್ ಬರ್’ ಎಂದು ಕೇಳಿಸುತ್ತದೆ ಎಂದು ಗ್ರೀಕರು ಅವರನ್ನು ಹಾಗೆ ಕರೆದರು. ಸಂಸ್ಕೃತದ ‘ಬರ್ಬರ’ ಶಬ್ದವೂ ಇದೇ ಬಗೆಯದು. ಕನ್ನಡದಲ್ಲಿ ಅದು ಇಂದು ಉಳಿದಿರುವುದು ಹೆಚ್ಚಾಗಿ ‘ಬರ್ಬರ ಹತ್ಯೆ’ಯಂಥ ಪ್ರಯೋಗಗಳಲ್ಲಿ. ಆದರೆ 20ನೇ ಶತಮಾನದ ಅಮೆರಿಕದ ಜನಪ್ರಿಯ ಕಥೆಗಳಲ್ಲಿ ಬರ್ಬರ ನಾಯಕನಾದ. ರಾಬರ್ಟ್ ಇ. ಹೋವರ್ಡ್ 1932ರಲ್ಲಿ ‘ವಿಯರ್ಡ್ ಟೇಲ್ಸ್’ ಪತ್ರಿಕೆಯಲ್ಲಿ ಆರಂಭಿಸಿದ ಕಾನನ್ ಎಂಬ ಯೋಧನ ಕಥೆಗಳು ಇದಕ್ಕೆ ನಿದರ್ಶನ. ಆರ್ನಾಲ್ಡ್ ಶ್ವಾರ್ಜ್‌ನೆಗರ್ ನಟಿಸಿದ ಕಾನನ್ ಸಿನಿಮಾ ತೆರೆ ಕಂಡದ್ದು 1982ರಲ್ಲಿ. ಗೈಗ್ಯಾಕ್ಸ್ ತಮ್ಮ ಆಟಕ್ಕೆ ಬರ್ಬರ ಪಾತ್ರವರ್ಗವನ್ನು ‘ಡ್ರ್ಯಾಗನ್’ ಪತ್ರಿಕೆಯಲ್ಲಿ ಪರಿಚಯಿಸಿದ್ದೂ ಅದೇ ವರ್ಷ. 1985ರಲ್ಲಿ ಅದು ‘ಅನ್‌ಅರ್ಥ್ಡ್ ಆರ್ಕೇನಾ’ ಪುಸ್ತಕ ಸೇರಿತು.

ಆ ಬರ್ಬರನಿಗೆ ಜೀವಾಂಕ ಹೇರಳ, ಕಾಡಿನ ಬದುಕು ಕರಗತ, ಮಂತ್ರತಂತ್ರವೆಂದರೆ ಕಡು ದ್ವೇಷ. ಆದರೆ ಆವೇಶದ ನಿಯಮ ಇರಲಿಲ್ಲ. ಏಕೆಂದರೆ ಅವನ ಮಾದರಿ ಗುರಾಣಿ ಕಚ್ಚುವ ಬರ್ಸರ್ಕ್ ಅಲ್ಲ, ಕಾನನ್. ಆವೇಶ ಮತ್ತು ದಣಿವು ಜೊತೆಯಾಗಿ ಬಂದದ್ದು 1989ರಲ್ಲಿ, ಯೋಧರಿಗೆಂದೇ ಬರೆದ ಕೈಪಿಡಿಯೊಂದರ ‘ಬರ್ಸರ್ಕರ್’ ಎಂಬ ಉಪಪಾತ್ರದಲ್ಲಿ. ಅವನು ಆವೇಶ ಬರಿಸಿಕೊಳ್ಳಲು ಹತ್ತು ನಿಮಿಷ ಸಿದ್ಧತೆ ನಡೆಸಬೇಕು. ಆವೇಶ ಬಿಟ್ಟ ಮೇಲೆ ನಿತ್ರಾಣನಾಗುತ್ತಾನೆ.

ಸಾಗಾ ಹೇಳಿದ್ದು

ಈ ಜೋಡಣೆ ಹೊಸದೇನಲ್ಲ. ಅದರ ಬೇರು 13ನೇ ಶತಮಾನದ ಐಸ್‌ಲೆಂಡಿನ ಗದ್ಯಕಥನಗಳಾದ ಸಾಗಾಗಳಲ್ಲಿದೆ. ಸ್ನೋರಿ ಸ್ಟರ್ಲುಸನ್ ಎಂಬ ಇತಿಹಾಸಕಾರ ‘ಯಿಂಗ್ಲಿಂಗ ಸಾಗಾ’ದಲ್ಲಿ ಓಡಿನ್ ದೇವತೆಯ ಯೋಧರನ್ನು ವರ್ಣಿಸಿದ್ದಾನೆ. ಅವರು ಕವಚ ತೊಡದೆ ನಾಯಿ ತೋಳಗಳಂತೆ ಹುಚ್ಚೆದ್ದು ನುಗ್ಗುತ್ತಿದ್ದರು, ಗುರಾಣಿ ಕಚ್ಚುತ್ತಿದ್ದರು, ಬೆಂಕಿಯಾಗಲಿ ಕಬ್ಬಿಣವಾಗಲಿ ಅವರನ್ನು ತಾಕುತ್ತಿರಲಿಲ್ಲ ಎನ್ನುತ್ತಾನೆ. ಇದು ಆವೇಶದ ವರ್ಣನೆ. ದಣಿವಿನ ವರ್ಣನೆ ಬೇಕಾದರೆ ‘ಎಗಿಲ್ ಸಾಗಾ’ ನೋಡಬೇಕು.

ಅದರಲ್ಲಿ ಕ್ವೆಲ್ಡುಲ್ಫ್ ಎಂಬ ಮುದುಕನ ಕಥೆ ಬರುತ್ತದೆ. ಅವನ ಹೆಸರಿನ ಅರ್ಥವೇ ‘ಸಂಜೆಯ ತೋಳ’. ನಾರ್ವೆಯ ರಾಜ ಹೆರಾಲ್ಡ್ ಅವನ ಮಗ ಥೋರೋಲ್ಫನನ್ನು ಕೊಂದಿರುತ್ತಾನೆ. ಮುದುಕ ತನ್ನ ಇನ್ನೊಬ್ಬ ಮಗ ಸ್ಕಲ್ಲಗ್ರಿಮ್‌ನೊಂದಿಗೆ ರಾಜನ ಕಡೆಯವರ ಹಡಗಿನ ಮೇಲೆ ಬಿದ್ದು ಸೇಡು ತೀರಿಸಿಕೊಳ್ಳುತ್ತಾನೆ. ಇಂಥ ಮನುಷ್ಯರು ಆವೇಶ ಇರುವಷ್ಟು ಹೊತ್ತು ಯಾರಿಗೂ ಬಗ್ಗದವರು, ಆದರೆ ಅದು ಇಳಿದೊಡನೆ ಮಾಮೂಲಿಗಿಂತಲೂ ದುರ್ಬಲರಾಗುತ್ತಾರೆ ಎಂದು ಸಾಗಾ ಇಲ್ಲಿ ಸ್ಪಷ್ಟವಾಗಿ ಹೇಳುತ್ತದೆ. ಕ್ವೆಲ್ಡುಲ್ಫನಿಗೂ ಹಾಗೆಯೇ ಆಯಿತು. ಕಾದಾಟದ ನಂತರ ಹಾಸಿಗೆ ಹಿಡಿದ. ಐಸ್‌ಲೆಂಡಿಗೆ ಹೊರಟ ಹಡಗಿನಲ್ಲೇ ತೀರಿಕೊಂಡ. ಅವನ ಶವಪೆಟ್ಟಿಗೆಯನ್ನು ಕಡಲಿಗೆ ಬಿಟ್ಟರು.

ಅದೇ ಸಾಗಾದಲ್ಲಿ ಇನ್ನೂ ಕಠೋರವಾದ ಪ್ರಸಂಗವಿದೆ. ಸ್ಕಲ್ಲಗ್ರಿಮ್ ತನ್ನ ಹನ್ನೆರಡು ವರ್ಷದ ಮಗ ಎಗಿಲ್ ಮತ್ತು ಅವನ ಗೆಳೆಯನ ಎದುರು ಚೆಂಡಾಟ ಆಡುತ್ತಿದ್ದ. ಸಂಜೆಯಾದಂತೆ ಅಪ್ಪನಿಗೆ ಬಲ ಏರಿತು. ಮಗನ ಗೆಳೆಯನನ್ನು ಎತ್ತಿ ಅಪ್ಪಳಿಸಿ ಕೊಂದ, ಮಗನನ್ನೂ ಹಿಡಿದ. ಎಗಿಲ್‌ನನ್ನು ಸಾಕಿದ ದಾಸಿ ‘ನಿಮ್ಮ ಮಗನ ಮೇಲೇ ಆವೇಶವೇ?’ ಎಂದು ತಡೆಯಲು ಬಂದಳು. ಹುಡುಗ ಉಳಿದ, ಅವಳನ್ನು ಅಟ್ಟಿಸಿಕೊಂಡು ಹೋಗಿ ಕೊಂದ. ಆವೇಶದ ಬೆಲೆಯನ್ನು ಆವೇಶ ಬಂದವನೇ ತೆರುತ್ತಾನೆಂಬ ಖಾತ್ರಿ ಇಲ್ಲ ಎಂಬುದನ್ನು ಸಾಗಾ ಬರೆದವರು ಬಲ್ಲರು. ಐಸ್‌ಲೆಂಡಿನ ಹಳೆಯ ಕಾನೂನು ಕೂಡ ಬರ್ಸರ್ಕ್ ಆವೇಶಕ್ಕೆ ಒಳಗಾದವನಿಗೆ ಗಡೀಪಾರು ವಿಧಿಸುತ್ತಿತ್ತು. ಅಷ್ಟೇ ಅಲ್ಲ, ಪಕ್ಕದಲ್ಲಿದ್ದೂ ಅವನನ್ನು ಹಿಡಿದು ನಿಲ್ಲಿಸದವರಿಗೂ ಅದೇ ಶಿಕ್ಷೆ!

ನಲವತ್ತೆರಡು ಸೆಕೆಂಡು

ಆಟಕ್ಕೆ ಮರಳೋಣ. 2000ದಲ್ಲಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ನ ಮೂರನೇ ಆವೃತ್ತಿ ಬಂದಾಗ ಬರ್ಬರ ಮುಖ್ಯ ಪಾತ್ರಗಳಲ್ಲಿ ಒಬ್ಬನಾದ, ಆವೇಶವೇ ಅವನ ಗುರುತಾಯಿತು. ನಿಯಮ ಹೀಗಿದೆ: ಆವೇಶ ಬಂದಾಗ ಬಲಕ್ಕೆ 4, ದೇಹದಾರ್ಢ್ಯಕ್ಕೆ 4 ಅಂಕ ಏರುತ್ತದೆ. ಮನಸ್ಸನ್ನು ಮರುಳು ಮಾಡುವ ಮಂತ್ರಗಳನ್ನು ಎದುರಿಸಲು 2 ಅಂಕ ಹೆಚ್ಚು. ಆದರೆ ಮೈಮರೆತು ನುಗ್ಗುವುದರಿಂದ ಆತ್ಮರಕ್ಷಣೆಗೆ 2 ಅಂಕ ಕಡಿಮೆ. ತಾಳ್ಮೆ, ಏಕಾಗ್ರತೆ ಬೇಡುವ ಕೆಲಸ ಯಾವುದನ್ನೂ ಮಾಡುವಂತಿಲ್ಲ.

ಆವೇಶ ಎಷ್ಟು ಹೊತ್ತು? ಮೂರು ಸುತ್ತು, ಜೊತೆಗೆ ಏರಿದ ದೇಹದಾರ್ಢ್ಯದಿಂದ ಸಿಗುವಷ್ಟು ಸುತ್ತು. ದೇಹದಾರ್ಢ್ಯ 14 ಇರುವವನದು ಆವೇಶದಲ್ಲಿ 18 ಆಗುತ್ತದೆ. ಅದಕ್ಕೆ 4 ಸುತ್ತು ಸೇರಿ ಒಟ್ಟು ಏಳು. ಒಂದು ಸುತ್ತೆಂದರೆ ಕಥೆಯೊಳಗೆ ಆರು ಸೆಕೆಂಡು. ಅಂದರೆ ನಲವತ್ತೆರಡು ಸೆಕೆಂಡಿನ ಆವೇಶ! ಅದು ಮುಗಿದೊಡನೆ ಆ ಕಾಳಗ ಮುಗಿಯುವವರೆಗೂ ದಣಿವು. ಬಲಕ್ಕೂ ಚುರುಕಿಗೂ 2 ಅಂಕ ಕಡಿತ, ಓಡುವಂತಿಲ್ಲ, ಏರಿಹೋಗುವಂತಿಲ್ಲ. ಸಾಗಾ ಹೇಳಿದ ‘ಮಾಮೂಲಿಗಿಂತ ದುರ್ಬಲ’ ಎಂಬ ಮಾತು ಇಲ್ಲಿ ಲೆಕ್ಕವಾಗಿದೆ.

ಇನ್ನೊಂದು ಅಪಾಯ ಇದಕ್ಕಿಂತ ದೊಡ್ಡದು. ದೇಹದಾರ್ಢ್ಯ ಏರಿದಾಗ ಪಾತ್ರದ ಪ್ರತಿ ಹಂತಕ್ಕೆ 2ರಂತೆ ಜೀವಾಂಕವೂ ಏರುತ್ತದೆ. ಆವೇಶ ಇಳಿದಾಗ ಅಷ್ಟೂ ಹೋಗುತ್ತದೆ. ಹತ್ತನೇ ಹಂತದ ಬರ್ಬರನಿಗೆ ಹೀಗೆ 20 ಅಂಕ ಸಿಕ್ಕಿರುತ್ತದೆ ಎನ್ನೋಣ. ಕಾಳಗದ ಕೊನೆಗೆ ಅವನಲ್ಲಿ 5 ಅಂಕ ಮಾತ್ರ ಉಳಿದಿದೆ. ಶತ್ರು ಸತ್ತ, ಗೆಳೆಯರು ಗೆದ್ದರು. ಆವೇಶ ಇಳಿಯಿತು. ಐದರಲ್ಲಿ ಇಪ್ಪತ್ತು ಕಳೆದರೆ ಸೊನ್ನೆಯಿಂದ ಹದಿನೈದು ಕೆಳಗೆ. ಹತ್ತು ಕೆಳಗೆ ಇಳಿದರೇ ಸಾವು ಎಂದು ಆ ಆವೃತ್ತಿಯ ನಿಯಮ. ಯಾರೂ ಹೊಡೆಯದೆ, ಗೆದ್ದ ಮೇಲೆ, ಬರ್ಬರ ನಿಂತಲ್ಲೇ ಸಾಯುತ್ತಾನೆ. ಆದ್ದರಿಂದ ಆವೇಶ ಇಳಿಯುವ ಮುನ್ನವೇ ಪಾತ್ರಕ್ಕೆ ಚಿಕಿತ್ಸೆ ಮಾಡಿಸಲು ಜೊತೆಯವರು ಓಡಿ ಬರಬೇಕಾಗುತ್ತಿತ್ತು. ಕೋಪ ಒಬ್ಬನದು, ಅದರ ಹೊಣೆ ಎಲ್ಲರದು. ನಿಯಮ ಬರೆದವರು ಉದ್ದೇಶಿಸಿದ್ದರೋ ಇಲ್ಲವೋ, ಐಸ್‌ಲೆಂಡಿನ ಕಾನೂನಿನ ನೆರಳು ಇಲ್ಲಿ ಕಾಣುತ್ತದೆ.

ಹೀಗಾಗಿ ಆಟಗಾರನಿಗೆ ಆವೇಶವೆಂಬುದು ಬರೀ ಬಲವಲ್ಲ, ಒಂದು ನಿರ್ಧಾರ. ಮೊದಲ ಹಂತದಲ್ಲಿ ದಿನಕ್ಕೆ ಒಂದೇ ಸಲ ಅವಕಾಶ. ಈಗಲೇ ಬಳಸುವುದೇ, ಮುಂದಿನ ಬಾಗಿಲ ಹಿಂದೆ ಇನ್ನೂ ದೊಡ್ಡ ಶತ್ರುವಿದ್ದರೆ? ಕೋಪಿಷ್ಠ ಪಾತ್ರವನ್ನು ಆಡಿಸುವವನು ಮೇಜಿನ ಸುತ್ತಲಿನ ಎಲ್ಲರಿಗಿಂತ ತಣ್ಣಗೆ ಯೋಚಿಸಬೇಕಾದ ಸೋಜಿಗ ಇದು.

ಕರಗಿದ ದಣಿವು

2009ರಲ್ಲಿ ಪೈಜೋ ಸಂಸ್ಥೆಯ ‘ಪಾತ್‌ಫೈಂಡರ್’ ಎಂಬ ಪ್ರತಿಸ್ಪರ್ಧಿ ಆಟ ಈ ಲೆಕ್ಕವನ್ನು ತಿದ್ದಿತು. ಆವೇಶವನ್ನು ಸುತ್ತುಗಳಲ್ಲಿ ಅಳೆದು ಖರ್ಚು ಮಾಡಬಹುದು; ಎಷ್ಟು ಸುತ್ತು ಆವೇಶವೋ ಅದರ ಎರಡರಷ್ಟು ಸುತ್ತು ದಣಿವು. ದಣಿದವನು ಮತ್ತೆ ಆವೇಶಗೊಳ್ಳುವಂತಿಲ್ಲ. ಸಾಲ ಮತ್ತು ಬಡ್ಡಿಯಷ್ಟೇ ಸರಳ.

ಆದರೆ ಅಷ್ಟರಲ್ಲಿ ಮೂಲ ಆಟ ಬೇರೆ ದಾರಿ ಹಿಡಿದಿತ್ತು. ನಾಲ್ಕನೇ ಆವೃತ್ತಿಯ ಬರ್ಬರ ಬಂದದ್ದೂ 2009ರಲ್ಲೇ, ಅವನಿಗೆ ದಣಿವಿಲ್ಲ. 2014ರ ಐದನೇ ಆವೃತ್ತಿಯಲ್ಲಿ ಆವೇಶ ಒಂದು ನಿಮಿಷ ಇರುತ್ತದೆ. ಕತ್ತಿ, ಕೊಡಲಿ, ದೊಣ್ಣೆಯ ಪೆಟ್ಟಿನ ಹಾನಿ ಅರ್ಧಕ್ಕೆ ಇಳಿಯುತ್ತದೆ. ಇಳಿದ ಮೇಲೆ ಏನೂ ಆಗುವುದಿಲ್ಲ. ‘ಬರ್ಸರ್ಕರ್’ ಎಂಬ ಒಂದು ಶಾಖೆಯಲ್ಲಿ ಮಾತ್ರ ಹಳೆಯ ಬೆಲೆ ಉಳಿಯಿತು. ಅವನು ಉನ್ಮಾದಕ್ಕೇರಿ ಸರದಿಗೊಂದು ಹೆಚ್ಚುವರಿ ಏಟು ಹಾಕಬಹುದು, ಆದರೆ ಇಳಿದಾಗ ಬಳಲಿಕೆಯ ಒಂದು ಮೆಟ್ಟಿಲು ಜಾರುತ್ತಾನೆ. ಮೂರನೇ ಮೆಟ್ಟಿಲಲ್ಲಿ ಎರಡು ದಾಳ ಉರುಳಿಸಿ ಕಡಿಮೆ ಅಂಕದ್ದನ್ನೇ ಒಪ್ಪಬೇಕು, ಐದರಲ್ಲಿ ಚಲಿಸಲಾರ, ಆರರಲ್ಲಿ ಸಾವು. ಒಂದು ರಾತ್ರಿಯ ಪೂರ್ಣ ವಿಶ್ರಾಂತಿಗೆ ಒಂದೇ ಮೆಟ್ಟಿಲು ಚೇತರಿಕೆ. ಇದು ದುಬಾರಿಯಾಯಿತೆಂದು ಆಟಗಾರರು ದೂರಿದರು. 2024ರ ಪರಿಷ್ಕೃತ ನಿಯಮಗಳಲ್ಲಿ ಅದೂ ಹೋಯಿತು. 2018ರಲ್ಲಿ ‘ಪಾತ್‌ಫೈಂಡರ್’ನ ಎರಡನೇ ಆವೃತ್ತಿಯ ಕರಡನ್ನು ಪರೀಕ್ಷೆಗೆ ಬಿಟ್ಟಾಗ ಮೂರು ಸುತ್ತು ಆವೇಶ, ಒಂದು ಸುತ್ತು ದಣಿವು ಎಂದಿತ್ತು. 2019ರಲ್ಲಿ ಅಚ್ಚಾದ ಪುಸ್ತಕದಲ್ಲಿ ಆ ದಣಿವು ಉಳಿಯಲಿಲ್ಲ.

ದಣಿವನ್ನು ತೆಗೆದವರ ವಾದದಲ್ಲೂ ಹುರುಳಿದೆ. ವಾರಕ್ಕೊಮ್ಮೆ ಗೆಳೆಯರೊಡನೆ ಕೂರುವ ಆಟಗಾರ ತನ್ನ ಪಾತ್ರ ಕುಂಟುವುದನ್ನು ನೋಡುತ್ತ ಕೂರಬೇಕೇ? ಮಂತ್ರವಾದಿ ಮಂತ್ರ ಹಾಕಿ ಆಯಾಸಪಡುವುದಿಲ್ಲ. ಅವನ ಮಂತ್ರಗಳ ಸಂಖ್ಯೆ ಕರಗುತ್ತದೆ, ಅಷ್ಟೆ. ಹಾಗಿರುವಾಗ ಬರ್ಬರನೊಬ್ಬನಿಗೇ ಈ ದಂಡವೇಕೆ? ದಿನಕ್ಕೆ ಇಷ್ಟೇ ಸಲ ಎಂಬ ಮಿತಿ ಇದ್ದರೆ ಸಾಲದೇ? ಆಟದ ನ್ಯಾಯಕ್ಕೆ ಇದು ಸರಿ.

ಆದರೂ ಎರಡರ ನಡುವೆ ವ್ಯತ್ಯಾಸವಿದೆ. ಎಣಿಕೆ ಮುಗಿದರೆ ಖಾಲಿಯಾಗುವುದು ಹಾಳೆಯ ಮೇಲಿನ ಒಂದು ಚೌಕ. ದಣಿವು ಬಂದರೆ ಬಳಲುವುದು ಒಂದು ಮೈ. ವಿಯೆಟ್ನಾಂ ಯುದ್ಧದಿಂದ ಮರಳಿದ ಸೈನಿಕರಿಗೆ ಚಿಕಿತ್ಸೆ ನೀಡುತ್ತಿದ್ದ ಅಮೆರಿಕದ ಮನೋವೈದ್ಯ ಜೋನಾಥನ್ ಶೇ 1994ರಲ್ಲಿ ಬರೆದ ‘ಅಕಿಲೀಸ್ ಇನ್ ವಿಯೆಟ್ನಾಂ’ ಪುಸ್ತಕದಲ್ಲಿ ಇದೇ ಬರ್ಸರ್ಕ್ ಸ್ಥಿತಿಗೆ ಒಂದು ಅಧ್ಯಾಯ ಮೀಸಲಿಟ್ಟಿದ್ದಾರೆ. ಜೊತೆಗಾರ ಕಣ್ಣೆದುರೇ ಸತ್ತಾಗ ಹಾಗೆ ಸಿಡಿದೆದ್ದು, ಬದುಕಿ ಉಳಿದವನನ್ನು ಅದರ ಗಾಯ ಜೀವನವಿಡೀ ಬಿಡುವುದಿಲ್ಲ ಎಂಬುದು ಅವರ ವಾದ. ಸಾಗಾಕಾರರು ಕಂಡದ್ದನ್ನೇ ವೈದ್ಯರೂ ಕಂಡರು.

ಮೇಜಿನ ಮೇಲಿನ ಆಟ ಇಷ್ಟು ಭಾರ ಹೊರಬೇಕಾಗಿಲ್ಲ. ಯಾವ ಆವೃತ್ತಿಯ ಪುಸ್ತಕವಿದ್ದರೂ ಈ ಆಟದಲ್ಲಿ ಕೊನೆಯ ಮಾತು ಸೂತ್ರಧಾರನದು. ಹಳೆಯ ದಣಿವಿನ ನಿಯಮವನ್ನು ತಮ್ಮ ಮೇಜಿಗೆ ಮರಳಿ ತರುವುದು ಆಟಗಾರರಿಗೆ ಬಿಟ್ಟ ವಿಚಾರ. ಅದನ್ನು ತಂದುಕೊಂಡ ಮೇಜಿನಲ್ಲಿ ಬರ್ಬರ ಕೊಡಲಿ ಎತ್ತುವ ಮುನ್ನ ಒಮ್ಮೆ ಸುತ್ತ ನೋಡುತ್ತಾನೆ, ಆವೇಶ ಇಳಿದಾಗ ಹತ್ತಿರ ಯಾರಿರುತ್ತಾರೆ ಎಂದು.