ತಿರುಳ್ಗನ್ನಡದ ನೆರೆಯಲ್ಲಿ ಪಾದ್ರಿಗಳ ಪದಸೇವೆ

ಮುನಿರಾಬಾದಿನ ಬಳಿ ಇಂದು ಅಣೆಕಟ್ಟಿನಲ್ಲಿ ನಿಂತಿರುವ ತುಂಗಭದ್ರೆ ಒಂದು ಕಾಲದಲ್ಲಿ ಎರಡು ಆಳ್ವಿಕೆಗಳ ನಡುವಣ ಗಡಿಯಾಗಿದ್ದಳು. ಎಡದಂಡೆಯ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಗಳು ಹೈದರಾಬಾದಿನ ನಿಜಾಮನಿಗೆ ಸೇರಿದ್ದವು. ಬಲದಂಡೆಯಾಚೆಯ ಬಳ್ಳಾರಿ ಸೀಮೆಯನ್ನು ನಿಜಾಮನು 1800ರಲ್ಲಿ ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟನು. ಎಡದಂಡೆಯ ಕೊಪ್ಪಳವೇ ಪ್ರಾಚೀನ ಕೊಪಣ, ಜೈನರ ಮಹಾತೀರ್ಥ. ಕನ್ನಡದ ತಿರುಳಿನ ನಾಡನ್ನು ಗುರುತಿಸುವಾಗ ಕವಿರಾಜಮಾರ್ಗಕಾರನು ಕಿಸುವೊಳಲು, ಪುಲಿಗೆರೆ, ಒಂಕುಂದಗಳ ಜೊತೆಯಲ್ಲಿ ಹೆಸರಿಸಿದ ಊರೂ ಇದೇ. ಆದರೆ ಹತ್ತೊಂಬತ್ತನೆಯ ಶತಮಾನದಲ್ಲಿ ಈ ದಂಡೆಯ ಆಡಳಿತದ ಭಾಷೆ ಮೊದಲು ಪಾರಸಿ, 1884ರ ಬಳಿಕ ಉರ್ದು. ಅದೇ ಶತಮಾನದಲ್ಲಿ ಆಚೆಯ ದಂಡೆಯಲ್ಲಿ ಪರದೇಶದ ಪಾದ್ರಿಗಳು ಕನ್ನಡದ ಅಕ್ಷರಗಳನ್ನು ತಿದ್ದುತ್ತ ಕುಳಿತಿದ್ದರು. ಅವರ ದುಡಿಮೆಯನ್ನು ಜೈನಸಾಹಿತ್ಯದ ಓದುಗರಾದ ನಾವು ಹೇಗೆ ಎಣಿಸಬೇಕು ಎಂಬುದೇ ಈ ಲೇಖನದ ವಿಚಾರ.

ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದದ್ದು 1810ರಲ್ಲಿ. ಕಂಪನಿಗೆ ವ್ಯಾಪಾರ ಬೇಕಿತ್ತೇ ಹೊರತು ಧರ್ಮಪ್ರಚಾರದಿಂದ ಏಳಬಹುದಾದ ಗದ್ದಲ ಬೇಕಿರಲಿಲ್ಲ. ಪಾದ್ರಿಗಳಿಗೆ ಬಾಗಿಲು ತೆರೆದದ್ದು 1813ರ ಸನ್ನದಿನಿಂದ. ಹ್ಯಾಂಡ್ಸ್ ಬಂದಾಗ ಇಂಗ್ಲಿಷ್ ಬಲ್ಲವನಿಗೆ ಕನ್ನಡ ಕಲಿಸುವ ಅಚ್ಚಾದ ವ್ಯಾಕರಣವಾಗಲಿ ನಿಘಂಟಾಗಲಿ ಇರಲಿಲ್ಲ. ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಶ್ರೀರಾಮಪುರದಲ್ಲಿ ಹೊರಬಂದದ್ದು 1817ರಲ್ಲಿ. ಆದ್ದರಿಂದ ಊರಿನ ಮುನ್ಷಿಯ ಬಾಯಿ, ಸಂತೆಯ ಮಾತು, ಪಾಠಶಾಲೆಯ ಹುಡುಗರ ಉಚ್ಚಾರ ಇವೇ ಅವನ ಗ್ರಂಥಗಳಾದವು. ಶಾಲೆ ನಡೆಸುವುದು, ಜನ ಕೂಡಿದಲ್ಲಿ ಉಪದೇಶ ಹೇಳುವುದು, ಬೈಬಲ್ಲಿನ ವಾಕ್ಯಗಳನ್ನು ಕನ್ನಡಿಸಿ ಮತ್ತೆ ಮತ್ತೆ ತಿದ್ದುವುದು, ಇಷ್ಟರಲ್ಲಿ ಅವನ ಬಾಳು ಸವೆಯಿತು. ಸಮಗ್ರ ಕನ್ನಡ ಬೈಬಲ್ 1831ರಲ್ಲಿ ಮುಗಿಯಿತು.

ಅನುವಾದದ ಕಷ್ಟ ಕೇವಲ ವ್ಯಾಕರಣದ್ದಾಗಿರಲಿಲ್ಲ. ಪಾಪ, ಮೋಕ್ಷ, ದೇವರು ಮುಂತಾದ ಮಾತುಗಳಿಗೆ ಈ ನೆಲದಲ್ಲಿ ಆಗಲೇ ಸಾವಿರ ವರ್ಷಗಳ ಅರ್ಥ ಕೂಡಿಕೊಂಡಿತ್ತು. ಕನ್ನಡ ಬೈಬಲ್ಲಿನಲ್ಲಿ ಪ್ರಭುವಿಗೆ ‘ಕರ್ತ’ನೆಂಬ ಮಾತು ಇಂದಿಗೂ ಸಲ್ಲುತ್ತದೆ. ಜಗತ್ತಿಗೆ ಕರ್ತೃವೊಬ್ಬನಿಲ್ಲವೆಂಬುದು ಜಿನಾಗಮದ ಮೂಲಸಿದ್ಧಾಂತ. ಒಂದೇ ಪದ ಒಬ್ಬರಿಗೆ ಪ್ರಾರ್ಥನೆ, ಇನ್ನೊಬ್ಬರಿಗೆ ನಿರಾಕರಿಸಬೇಕಾದ ಪಕ್ಷ. ಪದವನ್ನು ಎರವಲು ಪಡೆಯಬಹುದು. ಅದರ ಹಿಂದಿನ ದರ್ಶನ ಅಷ್ಟು ಸುಲಭವಾಗಿ ಕೈಗೆ ಬರುವುದಿಲ್ಲ.

ಬಳ್ಳಾರಿಯ ಇನ್ನೊಬ್ಬ ಪಾದ್ರಿ ವಿಲಿಯಂ ರೀವ್ ಇಂಗ್ಲಿಷ್–ಕನ್ನಡ ನಿಘಂಟನ್ನು 1824ರಲ್ಲಿಯೂ ಕನ್ನಡ–ಇಂಗ್ಲಿಷ್ ನಿಘಂಟನ್ನು 1832ರಲ್ಲಿಯೂ ಹೊರತಂದನು. ಆ ಕಾಲಕ್ಕೆ ಅದು ದೊಡ್ಡ ಸಾಧನೆಯೇ ಸರಿ. ಆದರೆ ಹಳಗನ್ನಡದ ಭಂಡಾರ ಇನ್ನೂ ಬಹುಮಟ್ಟಿಗೆ ಓಲೆಗರಿಗಳಲ್ಲಿ, ಬಸದಿ ಮಠಗಳ ಕತ್ತಲೆಯಲ್ಲಿ ಉಳಿದಿತ್ತು. ಆ ಕಡೆಗೆ ಕೈಚಾಚಿದವರು ಬಾಸೆಲ್ ಮಿಷನ್ನಿನವರು. ಅವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಕೆಲವೇ ವರ್ಷಗಳಲ್ಲಿ ಧಾರವಾಡ, ಹುಬ್ಬಳ್ಳಿ, ಗದುಗಿನ ಬೆಟಗೇರಿಗಳಲ್ಲಿ ನೆಲೆನಿಂತರು. ಹರ್ಮನ್ ಮೋಗ್ಲಿಂಗ್ 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಆರಂಭಿಸಿದನು.

ಫರ್ಡಿನೆಂಡ್ ಕಿಟ್ಟೆಲ್ 1853ರಲ್ಲಿ ಬಂದಾಗ ಅವನಿಗೆ ಇಪ್ಪತ್ತೊಂದು ವರ್ಷ. ಆರಂಭದ ದಿನಗಳನ್ನು ಧಾರವಾಡ–ಹುಬ್ಬಳ್ಳಿ ಸೀಮೆಯಲ್ಲಿ, ಎಂದರೆ ಪ್ರಾಚೀನ ಪುಲಿಗೆರೆಯ ನೆರೆಯಲ್ಲಿ ಕಳೆದನು. ಇಲ್ಲಿಯ ಜನರೊಡನೆ ಇಲ್ಲಿಯವನಂತೆಯೇ ಬದುಕಬೇಕೆಂಬ ಅವನ ಹಂಬಲ ಮಿಷನ್ನಿನ ಮೇಲಿನವರಿಗೆ ಹಿಡಿಸಲಿಲ್ಲ. 1860ರಲ್ಲಿ ಮದುವೆಯಾದ ಪತ್ನಿ ಪೌಲೀನಾ 1864ರಲ್ಲಿ ತೀರಿಕೊಂಡಳು. ಮತಾಂತರದ ಲೆಕ್ಕದಲ್ಲಿ ಅವನು ಸಫಲನಾದ ಪಾದ್ರಿಯೆನಿಸಲಿಲ್ಲ. ಉಳಿದದ್ದು ಪದಗಳ ಸಂಗ. 1872ರಲ್ಲಿ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು ಹಳೆಯ ಟೀಕೆಯೊಡನೆ, 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ಯನ್ನು ಮಂಗಳೂರಿನಿಂದ ಪ್ರಕಟಿಸಿದನು. ಎರಡನೆಯದರ ಮುನ್ನುಡಿಯಾಗಿ ಬರೆದ ಕನ್ನಡ ಸಾಹಿತ್ಯದ ಸಮೀಕ್ಷೆಯಲ್ಲಿ ಜೈನಕವಿಗಳಿಗೆ ಮೊದಲ ಸ್ಥಾನವಿದೆ. ಕೇಶಿರಾಜನು ತನ್ನ ಸೂತ್ರಗಳಿಗೆ ಉದಾಹರಣೆಯಾಗಿ ಪೂರ್ವಕವಿಗಳ ಪದ್ಯಗಳನ್ನು ಎತ್ತಿಕೊಂಡವನು. ಇಂದು ಪೂರ್ಣವಾಗಿ ದೊರೆಯದ ಕೃತಿಗಳ ತುಣುಕುಗಳೂ ಅವುಗಳ ನಡುವೆ ಉಳಿದುಬಂದಿವೆ. ಅವು ಹೊಸಕಾಲದ ಓದುಗನ ಕೈಸೇರಲು ಇಂತಹ ಮುದ್ರಣಗಳೇ ದಾರಿಯಾದವು.

ಇಲ್ಲಿ ಒಂದು ಸಂಗತಿಯನ್ನು ಮರೆಮಾಚಬಾರದು. ಶಬ್ದಮಣಿದರ್ಪಣ ಅಚ್ಚಾದ 1872ರಲ್ಲಿಯೇ ಕಿಟ್ಟೆಲ್ ‘ಯಜ್ಞಸುಧಾನಿಧಿ’ಯೆಂಬ ಪುಸ್ತಿಕೆಯನ್ನೂ ಹೊರತಂದನು. ವೈದಿಕ ಯಜ್ಞದಿಂದ ಹೊರಟು ಓದುಗನನ್ನು ಕ್ರಿಸ್ತನ ಬಲಿದಾನದ ಕಡೆಗೆ ಒಯ್ಯುವ ಬರೆಹವದು. ಬಲಿಯ ಪ್ರಶ್ನೆಗೆ ಕನ್ನಡದಲ್ಲಿ ಜೈನರು ಕೊಟ್ಟ ಉತ್ತರ ಬೇರೆಯೇ. ಹಿಟ್ಟಿನ ಕೋಳಿಯನ್ನು ಕೊಂದ ಸಂಕಲ್ಪವೂ ಭವಭವಗಳಲ್ಲಿ ಬೆನ್ನಟ್ಟುವುದೆಂದು ಜನ್ನನ ‘ಯಶೋಧರಚರಿತೆ’ ಸಾರುತ್ತದೆ. ಬಲಿ ನೆರವೇರುವುದರಲ್ಲಿ ಅಲ್ಲ, ಬಲಿಯನ್ನು ಬಿಡುವುದರಲ್ಲಿ ಬಿಡುಗಡೆಯುಂಟೆಂಬುದು ಅದರ ತಾತ್ಪರ್ಯ. ಕಿಟ್ಟೆಲನ ಮಟ್ಟಿಗೆ ಕನ್ನಡದ ಅಭ್ಯಾಸವೂ ಮತಪ್ರಚಾರವೂ ಬೇರೆ ಬೇರೆ ಕೋಣೆಗಳಲ್ಲಿ ನಡೆದ ಕೆಲಸಗಳಾಗಿರಲಿಲ್ಲ. ಅವನನ್ನು ಮತದ ಹಂಗಿಲ್ಲದ ಭಾಷಾವಿಜ್ಞಾನಿಯೆಂದು ಹೊಗಳುವುದು ಅವನ ನಂಬಿಕೆಗೂ ಸತ್ಯಕ್ಕೂ ಅನ್ಯಾಯ. ಬರಿಯ ಮತಾಂತರದ ಆಳೆಂದು ತಳ್ಳಿಹಾಕುವುದು 1894ರಲ್ಲಿ ಪ್ರಕಟವಾದ, ಸುಮಾರು ಎಪ್ಪತ್ತು ಸಾವಿರ ಪದಗಳ ಆ ಮಹಾನಿಘಂಟಿಗೆ ಅನ್ಯಾಯ. ಅದರಲ್ಲಿ ಕಾವ್ಯದ ಮಾತೂ ಇದೆ, ಹೊಲಮನೆಯ ಗಾದೆಯೂ ಇದೆ.

ಕೊಪ್ಪಳದಿಂದ ಗದುಗಿಗೆ ಹೋಗುವ ದಾರಿಯಲ್ಲಿ ಲಕ್ಕುಂಡಿ ಇದೆ. ಅಲ್ಲಿ ಬಸದಿ ಕಟ್ಟಿಸಿದ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣಕ್ಕೆ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳು. ಶಾಸ್ತ್ರದಾನವೆಂದರೆ ಅದು. ಅಂಥ ಪರಂಪರೆಯ ವಾರಸುದಾರರಾದ ನಾವು ಎಷ್ಟೋ ಓಲೆಗರಿಗಳನ್ನು ಪೂಜೆಗೆ ಇಟ್ಟೆವು, ಓದಿಗೆ ಇಡಲಿಲ್ಲ. ಗೆದ್ದಲು ಹಿಡಿದ ಕಟ್ಟುಗಳು ಎಷ್ಟೋ. ಕೊಪಣವನ್ನು ಹೆಸರಿಸಿದ ಕವಿರಾಜಮಾರ್ಗವೇ ಕೆ.ಬಿ. ಪಾಠಕರ ಸಂಪಾದನೆಯಲ್ಲಿ ಅಚ್ಚಿಗೆ ಬಂದದ್ದು 1898ರಲ್ಲಿ, ಕಿಟ್ಟೆಲನ ನಿಘಂಟು ಹೊರಬಂದ ನಾಲ್ಕು ವರ್ಷಗಳ ಅನಂತರ. ಅಷ್ಟರಲ್ಲಿ ಅವನು ಭಾರತವನ್ನು ಬಿಟ್ಟಾಗಿತ್ತು. 1903ರಲ್ಲಿ ಕನ್ನಡ ವ್ಯಾಕರಣವೊಂದನ್ನು ಹೊರತಂದು, ಅದೇ ವರ್ಷದ ಡಿಸೆಂಬರಿನಲ್ಲಿ ಜರ್ಮನಿಯ ಟ್ಯೂಬಿಂಗನ್ನಿನಲ್ಲಿ ಅವನು ತೀರಿಕೊಂಡನು.

ವಸ್ತುವಿಗೆ ಅನೇಕ ಮುಖಗಳುಂಟೆಂದು ಅನೇಕಾಂತ ಹೇಳುತ್ತದೆ. ಪಾದ್ರಿಗಳ ಉದ್ದೇಶವನ್ನು ಒಪ್ಪದೆಯೂ ಅವರ ಋಣವನ್ನು ಒಪ್ಪಬಹುದು. ಋಣ ತೀರುವುದು ಪ್ರತಿಮೆಗೆ ಮಾಲೆ ಹಾಕುವುದರಿಂದಲ್ಲ. ನಮ್ಮ ಬಸದಿಗಳಲ್ಲಿ, ಮನೆಗಳ ಅಟ್ಟಗಳಲ್ಲಿ ಇನ್ನೂ ಬಿಚ್ಚದೆ ಉಳಿದಿರುವ ಓಲೆಯ ಕಟ್ಟುಗಳನ್ನು ಬಿಚ್ಚಿ ಓದುವುದರಿಂದ.