ಶೇಕಡಾವಾರಿಗಿಂತ ಷರತ್ತು ಮುಖ್ಯವಾದ ಕಥೆ

2020ರ ಏಪ್ರಿಲ್‌ನಲ್ಲಿ ಜನ ಹೊರಗೆ ಕಾಲಿಡಲಾಗದೆ ಕುರ್ಚಿಯಿಂದ ಹಿಡಿದು ಕಾಫಿಪುಡಿಯವರೆಗೆ ಎಲ್ಲವನ್ನೂ ಆನ್‌ಲೈನ್‌ನಲ್ಲೇ ತರಿಸಿಕೊಳ್ಳುತ್ತಿದ್ದರು. ಅದೇ ಹೊತ್ತಿಗೆ ಅಮೆಜಾನ್ ಅಮೆರಿಕದ ತನ್ನ ಅಫಿಲಿಯೇಟ್‌ಗಳಿಗೆ ಒಂದು ಸೂಚನೆ ಕಳಿಸಿತು. 21ನೇ ತಾರೀಖಿನಿಂದ ಪೀಠೋಪಕರಣಗಳ ಮೇಲಿನ ಕಮಿಷನ್ ಶೇ 8ರ ಬದಲು ಶೇ 3, ದಿನಸಿಯ ಮೇಲೆ ಶೇ 5ರ ಬದಲು ಶೇ 1. ಮುನ್ಸೂಚನೆ ಸಿಕ್ಕಿದ್ದು ಒಂದು ವಾರದ್ದು. ಚೌಕಾಸಿಯ ಮಾತೇ ಇರಲಿಲ್ಲ. ಸೋಫಾ, ಮಂಚಗಳ ವಿಮರ್ಶೆ ಬರೆದು ಸಂಸಾರ ತೂಗಿಸುತ್ತಿದ್ದವರ ಆದಾಯ ರಾತ್ರೋರಾತ್ರಿ ಅರ್ಧಕ್ಕಿಂತ ಕೆಳಗಿಳಿಯಿತು. ಕಂಪನಿ ಕರಾರನ್ನೇನೂ ಮುರಿದಿರಲಿಲ್ಲ. ದರವನ್ನು ಯಾವಾಗ ಬೇಕಾದರೂ ಬದಲಿಸುವ ಹಕ್ಕು ಅದಕ್ಕಿದೆ ಎಂದು ಷರತ್ತುಗಳಲ್ಲೇ ಬರೆದಿತ್ತು.

ಬೇರೆಯವರ ಸರಕನ್ನು ತನ್ನ ಓದುಗರಿಗೋ ನೋಡುಗರಿಗೋ ತೋರಿಸಿ, ಅವರು ಲಿಂಕ್ ಒತ್ತಿ ಕೊಂಡರೆ ಪಾಲು ಪಡೆಯುವುದು ಅಫಿಲಿಯೇಟ್ ವ್ಯವಹಾರ. ಮಂಡಿಯ ದಲ್ಲಾಳಿಗೆ ಮಾಲು ತೂಗುವುದು ಕಣ್ಣಿಗೆ ಕಾಣುತ್ತದೆ. ಇಲ್ಲಿ ತಕ್ಕಡಿ ಇರುವುದು ವ್ಯಾಪಾರಿಯ ಸರ್ವರ್‌ನಲ್ಲಿ. ಈ ಕಸುಬಿಗೆ ಹೊಸದಾಗಿ ಇಳಿದವರು ಮೊದಲು ಕೇಳುವುದು ಕಮಿಷನ್ ಎಷ್ಟು ಎಂದು. ಪಳಗಿದವರು ಅದನ್ನು ಕೊನೆಗೆ ಕೇಳುತ್ತಾರೆ. ಅದಕ್ಕೂ ಮೊದಲು ಅವರು ಕೇಳುವ ಒಂದೊಂದು ಪ್ರಶ್ನೆಯ ಹಿಂದೆಯೂ ಯಾರೋ ಎಲ್ಲೋ ಕಳೆದುಕೊಂಡ ದುಡ್ಡಿದೆ.

ಶುರುವಾದದ್ದು ಹೂವಿನ ವ್ಯಾಪಾರದಿಂದ. ಇಂಟರ್ನೆಟ್ ಇನ್ನೂ ಮನೆಮಾತಾಗಿರದ 1989ರಲ್ಲಿ ವಿಲಿಯಂ ಟೋಬಿನ್ ಎಂಬ ಅಮೆರಿಕನ್ ಉದ್ಯಮಿ ಪ್ರಾಡಿಜಿ ಎಂಬ ಜಾಲದಲ್ಲಿ ‘ಪಿಸಿ ಫ್ಲವರ್ಸ್ ಅಂಡ್ ಗಿಫ್ಟ್ಸ್’ ಅಂಗಡಿ ತೆರೆದರು. ಮಾರಾಟದಲ್ಲಿ ಪ್ರಾಡಿಜಿಗೆ ಪಾಲು ಕೊಡುವುದು ಅವರ ಏರ್ಪಾಟು. 1994ರ ನವೆಂಬರ್‌ನಲ್ಲಿ ಸಂಗೀತದ ಸಿ.ಡಿ. ಮಾರುತ್ತಿದ್ದ ಸಿಡಿನೌ, ಬೇರೆಯವರ ತಾಣಗಳಿಂದ ಗಿರಾಕಿಗಳನ್ನು ಕರೆತರುವ ‘ಬೈವೆಬ್’ ಯೋಜನೆ ಆರಂಭಿಸಿತು. ಅಮೆಜಾನ್ ತನ್ನ ಅಸೋಸಿಯೇಟ್ಸ್ ಯೋಜನೆಯನ್ನು ತಂದದ್ದು 1996ರ ಜುಲೈನಲ್ಲಿ. ಪೇಟೆಂಟ್‌ನ ವಿಷಯ ಸ್ವಲ್ಪ ತಮಾಷೆಯದು. ಟೋಬಿನ್ 1996ರ ಆರಂಭದಲ್ಲೇ ಅರ್ಜಿ ಹಾಕಿದ್ದರೂ ಅದು ಕೈಸೇರಿದ್ದು 2000ದ ಅಕ್ಟೋಬರ್‌ನಲ್ಲಿ. ಅವರ ನಂತರ ಅರ್ಜಿ ಹಾಕಿದ ಅಮೆಜಾನ್‌ಗೆ ಅದೇ ವರ್ಷದ ಫೆಬ್ರುವರಿಯಲ್ಲೇ ಪೇಟೆಂಟ್ ಸಿಕ್ಕಿಬಿಟ್ಟಿತ್ತು.

ಆ ದಿನಗಳಲ್ಲಿ ಶೇಕಡಾವಾರೇ ದೊಡ್ಡ ಆಕರ್ಷಣೆ. ಆದರೆ ಎಷ್ಟು ಮಾರಾಟವಾಯಿತು ಎಂದು ಎಣಿಸಿ ಹೇಳುವವನೂ ಮಾರುವವನೇ ಆದರೆ ನಂಬುವುದು ಹೇಗೆ? 1996ರಲ್ಲಿ ನ್ಯೂಯಾರ್ಕ್‌ನ ಲಿಂಕ್‌ಶೇರ್, 1998ರಲ್ಲಿ ಕ್ಯಾಲಿಫೋರ್ನಿಯಾದ ಕಮಿಷನ್ ಜಂಕ್ಷನ್, 2000ದಲ್ಲಿ ಶೇರ್‌ಎಸೇಲ್ ಹುಟ್ಟಿದ್ದರ ಹಿಂದೆ ಈ ಪ್ರಶ್ನೆಯೂ ಇತ್ತು. ಈ ಜಾಲಗಳು ನಡುವೆ ನಿಂತು ಲೆಕ್ಕ ಬರೆದವು, ನೂರಾರು ವ್ಯಾಪಾರಿಗಳ ಕಮಿಷನ್ನನ್ನು ಒಟ್ಟುಗೂಡಿಸಿ ಕೊಟ್ಟವು. ಆ ಲೆಕ್ಕದ ಪುಸ್ತಕಕ್ಕೆ ಎಷ್ಟು ಬೆಲೆಯಿತ್ತೆಂದರೆ 2005ರಲ್ಲಿ ಜಪಾನಿನ ರಾಕುಟೆನ್ ಲಿಂಕ್‌ಶೇರ್ ಅನ್ನು 42.5 ಕೋಟಿ ಡಾಲರ್‌ಗೆ ಕೊಂಡಿತು.

ಜಾಲಗಳಿಂದ ಇನ್ನೊಂದು ಅಳತೆಗೋಲೂ ಚಾಲ್ತಿಗೆ ಬಂತು. ಅದು ಇಪಿಸಿ, ಅಂದರೆ ಕ್ಲಿಕ್ಕಿನ ಲೆಕ್ಕದ ಗಳಿಕೆ. ಕಮಿಷನ್ ಜಂಕ್ಷನ್ ಇದನ್ನು 100 ಕ್ಲಿಕ್‌ಗೆ ಇಷ್ಟು ಎಂದು ತೋರಿಸುತ್ತದೆ. ಇದರ ಉಪಯೋಗ ಒಂದು ಕಾಲ್ಪನಿಕ ಲೆಕ್ಕದಿಂದ ತಿಳಿಯುತ್ತದೆ. ₹4,000ದ ಮಿಕ್ಸರ್‌ಗೆ ಶೇ 3ರಂತೆ ಸಿಗುವುದು ₹120. ನೂರು ಜನ ಲಿಂಕ್ ಒತ್ತಿ ನಾಲ್ವರು ಕೊಂಡರೆ ₹480. ಇನ್ನೊಂದು ಕಡೆ ₹2,000ದ ಆನ್‌ಲೈನ್ ಕೋರ್ಸ್‌ಗೆ ಶೇ 40, ಅಂದರೆ ಒಬ್ಬರಿಗೆ ₹800. ಕೇಳಿದರೆ ಕಣ್ಣು ಅರಳುತ್ತದೆ. ಆದರೆ ಸೇರುವುದು 200 ಜನರಲ್ಲಿ ಒಬ್ಬರು. ಸೇರಿದವರಲ್ಲಿ ಅರ್ಧದಷ್ಟು ಜನ ವಾರದೊಳಗೆ ದುಡ್ಡು ವಾಪಸ್ ಕೇಳುತ್ತಾರೆ. ನೂರು ಕ್ಲಿಕ್‌ಗೆ ಕೊನೆಗೆ ಉಳಿದದ್ದು ₹200.

ಎಣಿಕೆಯ ಬೆನ್ನೆಲುಬು ಕುಕೀ. 1994ರಲ್ಲಿ ನೆಟ್‌ಸ್ಕೇಪ್‌ನ ಎಂಜಿನಿಯರ್ ಲೂ ಮೊಂಟುಲಿ ರೂಪಿಸಿದ ಈ ಪುಟ್ಟ ಕಡತ ಲಿಂಕ್ ಒತ್ತಿದವರ ಬ್ರೌಸರ್‌ನಲ್ಲಿ ಕುಳಿತು, ಇವರನ್ನು ಕರೆತಂದದ್ದು ಇಂಥವರು ಎಂದು ನೆನಪಿಟ್ಟುಕೊಳ್ಳುತ್ತದೆ. ಎಷ್ಟು ಹೊತ್ತು ಎಂಬುದು ಯೋಜನೆಯಿಂದ ಯೋಜನೆಗೆ ಬೇರೆ. ಹಲವು ಕಡೆ 30 ದಿನ. ಅಮೆಜಾನ್‌ನಲ್ಲಿ 24 ಗಂಟೆ, ಅಷ್ಟರೊಳಗೆ ಸರಕನ್ನು ಕಾರ್ಟ್‌ಗೆ ಹಾಕಿದ್ದರೆ ಮಾತ್ರ 90 ದಿನ. ಶನಿವಾರ ಸಂಜೆ ವಿಡಿಯೊ ನೋಡಿ, ಡಿಸ್ಕ್ರಿಪ್ಷನ್‌ನಲ್ಲಿದ್ದ ಲಿಂಕ್ ಒತ್ತಿ, ‘ಮನೇಲಿ ಕೇಳಿ ತಗೊಳ್ಳೋಣ’ ಎಂದು ಮುಚ್ಚಿಟ್ಟವರು ಸೋಮವಾರ ಕೊಂಡರೆ ವಿಡಿಯೊ ಮಾಡಿದವರಿಗೆ ಚಿಕ್ಕಾಸೂ ಇಲ್ಲ. ಯೋಚಿಸಿ ಕೊಳ್ಳುವ ಫ್ರಿಜ್, ಲ್ಯಾಪ್‌ಟಾಪ್‌ನಂಥ ಸರಕಿಗೆ ಒಂದು ದಿನದ ಕುಕೀ ಏನೇನೂ ಸಾಲದು. 2017ರಿಂದ ಆಪಲ್ ತನ್ನ ಸಫಾರಿ ಬ್ರೌಸರ್‌ನಲ್ಲಿ ಇಂಥ ಕುಕೀಗಳಿಗೆ ಕಡಿವಾಣ ಹಾಕತೊಡಗಿದ ಮೇಲೆ, 30 ದಿನ ಎಂಬ ಘೋಷಣೆಯನ್ನೂ ಹಾಗೇ ನಂಬುವಂತಿಲ್ಲ. ಬ್ರೌಸರ್‌ನ ಹಂಗಿಲ್ಲದೆ ಸರ್ವರ್‌ನಿಂದ ಸರ್ವರ್‌ಗೇ ಮಾರಾಟದ ಸುದ್ದಿ ಮುಟ್ಟಿಸುವ ವ್ಯವಸ್ಥೆ ಇದೆಯೇ ಎಂದು ವಿಚಾರಿಸುವುದು ಆಮೇಲೆ ರೂಢಿಯಾಯಿತು.

ಕುಕೀ ಇದ್ದಲ್ಲಿ ಕಳ್ಳತನವೂ ಬಂತು. ಇಬೇ ಕಂಪನಿಗೆ ಅತಿ ಹೆಚ್ಚು ಮಾರಾಟ ತಂದುಕೊಡುತ್ತಿದ್ದಾರೆಂದು ಕಂಡ ಇಬ್ಬರು ಅಫಿಲಿಯೇಟ್‌ಗಳು ನಿಜದಲ್ಲಿ ಮಾಡುತ್ತಿದ್ದದ್ದು ಕುಕೀ ತುರುಕುವ ಕೆಲಸ. ಯಾವುದೋ ಪುಟ ತೆರೆದವರ ಬ್ರೌಸರ್‌ಗೆ ಅವರಿಗೇ ಗೊತ್ತಿಲ್ಲದಂತೆ ಇಬೇಯ ಕುಕೀ ಸೇರಿಸಿಬಿಡುವುದು. ಮುಂದೆ ಅವರು ತಾವಾಗಿ ಇಬೇಗೆ ಹೋಗಿ ಏನು ಕೊಂಡರೂ ಕಮಿಷನ್ ಇವರಿಗೆ. ಕೋಟಿಗಟ್ಟಲೆ ಡಾಲರ್ ಹೀಗೆ ಹರಿದುಹೋದ ಮೇಲೆ 2008ರಲ್ಲಿ ಇಬೇ ಮೊಕದ್ದಮೆ ಹೂಡಿತು. ಇಬ್ಬರೂ ತಪ್ಪೊಪ್ಪಿಕೊಂಡು, 2014ರಲ್ಲಿ ಜೈಲು ಶಿಕ್ಷೆಗೆ ಗುರಿಯಾದರು. ಕಳ್ಳ ಕುಕೀ ಬಂದು ಕುಳಿತಾಗ ಪ್ರಾಮಾಣಿಕವಾಗಿ ಗಿರಾಕಿ ತಂದವರ ಗುರುತು ಅಳಿಸಿಹೋಗುತ್ತದೆ. ಕೊನೆಯ ಕ್ಲಿಕ್ ಯಾರದೋ ಹಣ ಅವರದು ಎಂಬುದೇ ಚಾಲ್ತಿಯ ನಿಯಮವಾಗಿತ್ತು. ಅರ್ಜಿ ಹಾಕಿದವರನ್ನೆಲ್ಲ ಕಣ್ಣುಮುಚ್ಚಿ ಸೇರಿಸಿಕೊಳ್ಳುವ ಯೋಜನೆಗಿಂತ, ನಾಲ್ಕು ಪ್ರಶ್ನೆ ಕೇಳಿ ಕೆಲವರನ್ನು ತಿರಸ್ಕರಿಸುವ ಯೋಜನೆಯೇ ವಾಸಿ ಎಂದು ಅನುಭವಸ್ಥರು ಹೇಳುವುದು ಇದಕ್ಕೇ.

ಸರ್ಕಾರದ ಕಡೆಯಿಂದಲೂ ಏಟು ಬಿದ್ದದ್ದುಂಟು. 2008ರಲ್ಲಿ ನ್ಯೂಯಾರ್ಕ್ ರಾಜ್ಯ, ಸ್ಥಳೀಯ ಅಫಿಲಿಯೇಟ್‌ಗಳಿದ್ದರೆ ಸಾಕು, ಹೊರಗಿನ ಆನ್‌ಲೈನ್ ವ್ಯಾಪಾರಿಯೂ ಮಾರಾಟ ತೆರಿಗೆ ವಸೂಲಿ ಮಾಡಬೇಕು ಎಂದು ಕಾನೂನು ಮಾಡಿತು. ಇತರ ರಾಜ್ಯಗಳು ಅದೇ ದಾರಿ ಹಿಡಿದಾಗ ಅಮೆಜಾನ್ ಆ ರಾಜ್ಯಗಳ ಅಫಿಲಿಯೇಟ್‌ಗಳನ್ನೇ ಕೈಬಿಟ್ಟಿತು: 2009ರಲ್ಲಿ ನಾರ್ತ್ ಕ್ಯಾರೊಲಿನಾ, 2011ರಲ್ಲಿ ಕೆಲವು ತಿಂಗಳ ಮಟ್ಟಿಗೆ ಕ್ಯಾಲಿಫೋರ್ನಿಯಾ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು.

ಭಾರತಕ್ಕೆ ಬಂದರೆ ಬೆಂಗಳೂರಿನಲ್ಲಿ 2007ರಲ್ಲಿ ಹುಟ್ಟಿದ ಫ್ಲಿಪ್‌ಕಾರ್ಟ್, 2013ರಲ್ಲಿ ಕಾಲಿಟ್ಟ ಅಮೆಜಾನ್ ಎರಡೂ ಅಫಿಲಿಯೇಟ್‌ಗಳನ್ನು ಬಳಸಿಕೊಂಡೇ ಬೆಳೆದವು. 2015ರಲ್ಲಿ ಬೆಂಗಳೂರಿನಲ್ಲೇ ಶುರುವಾದ ಮೀಶೋದ ಆರಂಭದ ಮಾದರಿ ಇದರ ಹತ್ತಿರದ ನೆಂಟ. ವಾಟ್ಸ್‌ಆ್ಯಪ್‌ನಲ್ಲಿ ಸೀರೆಯ ಫೋಟೊ ಕಳಿಸುವ ಗೃಹಿಣಿ ಕಮಿಷನ್‌ಗೆ ಕಾಯುವ ಬದಲು ತನ್ನ ಲಾಭವನ್ನು ತಾನೇ ಸೇರಿಸಿ ಬೆಲೆ ಹೇಳುತ್ತಿದ್ದಳು. ಇಲ್ಲಿನ ದೊಡ್ಡ ತಲೆನೋವು ಕ್ಯಾಷ್ ಆನ್ ಡೆಲಿವರಿ. ಆರ್ಡರ್ ಆಗುತ್ತದೆ, ಡ್ಯಾಶ್‌ಬೋರ್ಡ್‌ನಲ್ಲಿ ಕಮಿಷನ್ ಮಿನುಗುತ್ತದೆ, ಪಾರ್ಸೆಲ್ ಬಾಗಿಲಿಗೆ ಬಂದಾಗ ಗಿರಾಕಿ ‘ಬೇಡ’ ಎನ್ನುತ್ತಾನೆ, ಅಂಕಿ ಮಾಯವಾಗುತ್ತದೆ. ಹಾಗಾಗಿ ಇಲ್ಲಿನವರು ಕಮಿಷನ್ ಪಕ್ಕಾ ಆಗುವುದು ಎಷ್ಟು ದಿನಕ್ಕೆ, ಕನಿಷ್ಠ ಎಷ್ಟು ಜಮೆಯಾದರೆ ಬ್ಯಾಂಕಿಗೆ ಹಾಕುತ್ತಾರೆ, ರದ್ದಾದದ್ದಕ್ಕೆ ಕಾರಣ ತೋರಿಸುತ್ತಾರೆಯೇ ಎಂದು ನೋಡುತ್ತಾರೆ. ಕಾರಣ ಹೇಳದೆ ‘ಕ್ಯಾನ್ಸಲ್ಡ್’ ಎಂದಷ್ಟೇ ತೋರಿಸುವ ಯೋಜನೆಯಲ್ಲಿ ಹೆಚ್ಚು ದಿನ ಯಾರೂ ನಿಲ್ಲುವುದಿಲ್ಲ. ಟಿಡಿಎಸ್ ವಿಷಯದಲ್ಲಿ ಕೊಂಚ ನಿರಾಳ: 194ಎಚ್ ಕಲಂನ ಅಡಿ ಕಮಿಷನ್ ಮೇಲೆ ಶೇ 5 ಇದ್ದ ಕಡಿತ 2024ರ ಅಕ್ಟೋಬರ್ 1ರಿಂದ ಶೇ 2ಕ್ಕೆ ಇಳಿಯಿತು.

ಇಷ್ಟೆಲ್ಲ ನೋಡಿಯೂ ಸರಕೇ ಕಳಪೆಯಾದರೆ ಹೋಗುವುದು ಶಿಫಾರಸು ಮಾಡಿದವರ ಮಾನ. 2011ರಲ್ಲಿ ಬ್ರಯಾನ್ ಲ್ಯಾಮ್ ಕಟ್ಟಿದ ವೈರ್‌ಕಟರ್ ವಸ್ತುಗಳನ್ನು ದಿನಗಟ್ಟಲೆ ಪರೀಕ್ಷಿಸಿ ಒಂದನ್ನೇ ಶಿಫಾರಸು ಮಾಡುತ್ತಿತ್ತು. ಆದಾಯವೆಲ್ಲ ಬಹುಮಟ್ಟಿಗೆ ಅಫಿಲಿಯೇಟ್ ಲಿಂಕ್‌ನದೇ. 2016ರಲ್ಲಿ ನ್ಯೂಯಾರ್ಕ್ ಟೈಮ್ಸ್ ಅದನ್ನು ಸುಮಾರು 3 ಕೋಟಿ ಡಾಲರ್‌ಗೆ ಕೊಂಡಿತು. ಇದಕ್ಕೆ ಪೂರ್ತಿ ತದ್ವಿರುದ್ಧ ಚಿತ್ರ ವೆಬ್ ಹೋಸ್ಟಿಂಗ್ ವಿಮರ್ಶೆಗಳದು. ಒಬ್ಬ ಗಿರಾಕಿಗೆ ಹತ್ತಾರು ಡಾಲರ್ ಕೊಡುವ ಕಂಪನಿಗಳೇ ಅಲ್ಲಿನ ಪಟ್ಟಿಗಳಲ್ಲಿ ಮೇಲೆ ಕೂತಿರುವುದು ಕಾಕತಾಳೀಯವೆಂದು ನಂಬುವುದು ಕಷ್ಟ. ಲಿಂಕ್‌ನಿಂದ ಹಣ ಬರುತ್ತದೆ ಎಂಬುದನ್ನು ಮುಚ್ಚಿಡಬಾರದು ಎಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2009ರಲ್ಲೇ ಹೇಳಿತ್ತು. ಭಾರತದಲ್ಲಿ ಜಾಹೀರಾತು ಮಾನದಂಡ ಮಂಡಳಿಯ ಮಾರ್ಗಸೂಚಿ 2021ರಲ್ಲಿ, ಗ್ರಾಹಕ ವ್ಯವಹಾರಗಳ ಇಲಾಖೆಯದು 2023ರ ಜನವರಿಯಲ್ಲಿ ಬಂದವು. ಹೀಗಾಗಿ, ಏನನ್ನು ಎಲ್ಲಿ ಹೇಳಬೇಕು ಎಂದು ಸ್ಪಷ್ಟವಾಗಿ ತಿಳಿಸುವ ಯೋಜನೆಗೆ ಈಗ ಹೆಚ್ಚು ಮರ್ಯಾದೆ.

ಈಚಿನ ದೊಡ್ಡ ಗದ್ದಲ ಹನಿ ಎಂಬ ಬ್ರೌಸರ್ ಎಕ್ಸ್‌ಟೆನ್ಷನ್ನಿನದು. ಕೂಪನ್ ಹುಡುಕಿಕೊಡುವ ಈ ಸಾಧನವನ್ನು ಪೇಪಾಲ್ 2020ರಲ್ಲಿ ಸುಮಾರು 400 ಕೋಟಿ ಡಾಲರ್‌ಗೆ ಕೊಂಡಿತ್ತು. ಹಣ ಪಾವತಿಯ ಕೊನೆಯ ಗಳಿಗೆಯಲ್ಲಿ ಅದು ಯೂಟ್ಯೂಬರ್‌ಗಳ ಅಫಿಲಿಯೇಟ್ ಗುರುತನ್ನು ತೆಗೆದು ತನ್ನದನ್ನು ಕೂರಿಸುತ್ತದೆ ಎಂಬ ಆರೋಪ 2024ರ ಡಿಸೆಂಬರ್‌ನಲ್ಲಿ ಸ್ಫೋಟಗೊಂಡು, ಮೊಕದ್ದಮೆಗಳಾದವು. ಹೀಗೆ ದೂರಿದವರಲ್ಲಿ ಹನಿಯ ಜಾಹೀರಾತನ್ನೇ ತಮ್ಮ ವಿಡಿಯೊಗಳಲ್ಲಿ ಮಾಡಿದ್ದವರೂ ಇದ್ದರು. 2025ರ ಮಾರ್ಚ್‌ನಲ್ಲಿ ಗೂಗಲ್ ಕ್ರೋಮ್‌ನ ನಿಯಮ ಬಿಗಿ ಮಾಡಿ, ಬಳಕೆದಾರರಿಗೆ ನೇರ ಪ್ರಯೋಜನವಿಲ್ಲದೆ ಎಕ್ಸ್‌ಟೆನ್ಷನ್‌ಗಳು ಅಫಿಲಿಯೇಟ್ ಲಿಂಕ್ ಸೇರಿಸುವಂತಿಲ್ಲ ಎಂದಿತು. ಕೂಪನ್ ತಾಣಗಳಿಗೂ ವಿಮರ್ಶಕರಿಗೂ ಒಂದೇ ತೂಕವೋ, ಮೊದಲು ಪರಿಚಯಿಸಿದವರಿಗೆ ಪಾಲಿದೆಯೋ ಎಂಬ ಪ್ರಶ್ನೆ ಈಗ ಒಪ್ಪಂದಕ್ಕೆ ಮುಂಚೆಯೇ ಬರುತ್ತದೆ.

ಲಿಂಕ್‌ನ ಕಾಟವೇ ಬೇಡವೆಂದು ಹಲವರು ಸ್ವಂತ ಹೆಸರಿನ ಡಿಸ್ಕೌಂಟ್ ಕೋಡ್ ಕೇಳಿ ಪಡೆಯುತ್ತಾರೆ. ನೋಡುಗರು ಅದನ್ನು ಫೋನ್‌ನಲ್ಲಿ ಕೇಳಿ, ಕಂಪ್ಯೂಟರ್‌ನಲ್ಲಿ ಕೊಂಡರೂ ಲೆಕ್ಕ ತಪ್ಪುವುದಿಲ್ಲ. ಆದರೆ ಕೋಡ್ ಕೂಪನ್ ತಾಣಗಳಿಗೆ ಸೋರಿದರೆ ಯಾರ್ಯಾರೋ ಅದನ್ನು ಬಳಸುತ್ತಾರೆ. ಕಂಪನಿ ಅನುಮಾನ ಬಂದು ಕಮಿಷನ್ ತಡೆಹಿಡಿಯುವುದೂ ಉಂಟು. 2024ರ ಅಕ್ಟೋಬರ್‌ನಲ್ಲಿ ಯೂಟ್ಯೂಬ್ ಭಾರತದಲ್ಲಿ ಫ್ಲಿಪ್‌ಕಾರ್ಟ್ ಮತ್ತು ಮಿಂತ್ರಾ ಜೊತೆಗೂಡಿ ತನ್ನದೇ ಶಾಪಿಂಗ್ ಅಫಿಲಿಯೇಟ್ ಯೋಜನೆ ತೆರೆಯಿತು. ಅಲ್ಲಿ ಸರಕಿನ ಟ್ಯಾಗ್ ವಿಡಿಯೊದ ಮೇಲೇ ಇರುತ್ತದೆ. ವಿಡಿಯೊ ತೋರಿಸುವ ವೇದಿಕೆಯೇ ಈಗ ಮಾರಾಟದ ನಡುವೆಯೂ ಬಂದು ನಿಂತಿದೆ. ಡಿಸ್ಕ್ರಿಪ್ಷನ್‌ನಲ್ಲಿ ಹಳೆಯ ಲಿಂಕ್‌ಗಳನ್ನೂ ಹಾಗೇ ಉಳಿಸಿಕೊಂಡು, ಎರಡೂ ಕಡೆಯ ಅಂಕಿಗಳನ್ನು ತಿಂಗಳ ಕೊನೆಗೆ ಎಕ್ಸೆಲ್‌ನಲ್ಲಿ ಅಕ್ಕಪಕ್ಕ ಇಟ್ಟು ನೋಡುವುದು ಜಾಣರ ಸದ್ಯದ ಉಪಾಯ.